ದೊಡ್ಡರಂಗಪ್ಪನ ಕುರಿ ಬಣ್ಣ

ಸರ್ಕಾರ ನೆಮ್ಮದಿಯಾಗಿದ್ದಾಗ ದೊಡ್ಡರಂಗಪ್ಪ ಯಾರಿಗೂ ನೆನಪಾಗುವುದಿಲ್ಲ. ಅದಕ್ಕೆ ಕಷ್ಟ ಬಂತೋ, ಮೊದಲು ನೆನಪಾಗುವವನೇ ಅವನು. ಬೇವಿನಗುಂಟೆಯ ತಳಾರಿ ಅವನು. ಕಾಗದದಲ್ಲಿ ಗ್ರಾಮ ರೆವಿನ್ಯೂ ಸಹಾಯಕ ಎಂದು ಬರೆಯುತ್ತಾರೆ, ಆದರೆ ಹಾಗೆಂದು ಕರೆದರೆ ಅವನೇ ಹಿಂದೆ ತಿರುಗಿ ಯಾರನ್ನು ಕರೆದರೆಂದು ನೋಡುತ್ತಾನೆ. ರತ್ನಗಿರಿ ಕೋಟೆ ದೂರದಿಂದ ಕಾಣುವ ಈ ಊರಿಗೆ ಆಂಧ್ರ ಮುಗಿಯುತ್ತದೆ. ಪಡುವಲ ಹೊಲಗಳ ಬದು ದಾಟಿದರೆ ಕರ್ನಾಟಕ. ಊರಿನವರು ಮನೆಯಲ್ಲಿ ಕನ್ನಡ ಆಡಿ, ಕಚೇರಿಗೆ ಹೋದಾಗ ತೆಲುಗು ಆಡಿ, ಎರಡೂ ಕಡೆ ಕೆಲಸ ಆಗದಿದ್ದಾಗ ಎರಡರಲ್ಲೂ ಬೈದುಕೊಂಡು ಬರುತ್ತಾರೆ.

ಚುನಾವಣೆ ಬಂದರೆ ಮತಗಟ್ಟೆಯ ಬಾಗಿಲಿಗೆ ದೊಡ್ಡರಂಗಪ್ಪ. ಗುಡ್ಡದಲ್ಲಿ ಚಿರತೆ ಕಂಡಿತೆಂದು ಸುದ್ದಿ ಹಬ್ಬಿದರೆ, ಯಾರೂ ಆ ಕಡೆ ಹೋಗಬಾರದೆಂದು ಆ ಕಡೆಗೇ ಹೋಗಿ ಸಾರಬೇಕಾದವನು ದೊಡ್ಡರಂಗಪ್ಪ. ಅವನ ಆಯುಧ ಒಂದು ಕೋಲು, ಒಂದು ಸೀಟಿ. ಸೀಟಿಯೊಳಗಿನ ಕಾಳು ಕಳೆದುಹೋಗಿ ಎಷ್ಟೋ ವರ್ಷವಾಗಿದೆ. ಊದಿದರೆ ಗಾಳಿಯಷ್ಟೇ ಬರುತ್ತದೆ. ಹೊಸದೊಂದು ಬೇಕೆಂದು ಅವನು ಕೊಟ್ಟ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ.

ಅವನ ಗುಣ ತಿಳಿಯಬೇಕಾದರೆ ಹೆಲಿಪ್ಯಾಡಿನ ಕಥೆ ಕೇಳಬೇಕು. ಹಿಂದೊಮ್ಮೆ ಯಾರೋ ದೊಡ್ಡ ಮಂತ್ರಿಗಳು ಹೆಲಿಕಾಪ್ಟರಿನಲ್ಲಿ ಬರುತ್ತಾರೆಂದು ಊರ ಬಯಲಿನಲ್ಲಿ ಸುಣ್ಣದಿಂದ ದೊಡ್ಡ ಸೊನ್ನೆ ಬರೆದರು. ಸೊನ್ನೆಯೊಳಕ್ಕೆ ನರಪಿಳ್ಳೆಯೂ ಕಾಲಿಡಬಾರದೆಂದು ದೊಡ್ಡರಂಗಪ್ಪನನ್ನು ನಿಲ್ಲಿಸಿದರು. ಮಂತ್ರಿಗಳ ಕಾರ್ಯಕ್ರಮ ರದ್ದಾಯಿತು. ಪೊಲೀಸರು ಜೀಪು ಹತ್ತಿ ಹೋದರು, ಶಾಮಿಯಾನದವರು ಶಾಮಿಯಾನ ಬಿಚ್ಚಿಕೊಂಡು ಹೋದರು, ದೊಡ್ಡರಂಗಪ್ಪ ನಿಂತೇ ಇದ್ದ. ನಾಲ್ಕನೆಯ ದಿನ ಆ ದಾರಿಯಲ್ಲಿ ಬೈಕಿನಲ್ಲಿ ಬಂದ ಕಚೇರಿಯ ಗುಮಾಸ್ತರು ಕಂಡು ಗಾಬರಿಯಾದರು.

"ಯಾಕೋ ಇನ್ನೂ ಇಲ್ಲೇ ನಿಂತಿದೀಯ?"

"ನಿಲ್ಲು ಅಂದ್ರಲ್ಲ ಸಾ. ಸಾಕು ಅಂತ ಯಾರೂ ಅನ್ನಲಿಲ್ಲ."

ಗುಮಾಸ್ತರು ನಗಲೂ ಆಗದೆ ಬೈಯಲೂ ಆಗದೆ, "ಸಾಕು" ಎಂದರು. ದೊಡ್ಡರಂಗಪ್ಪ ಸೊನ್ನೆಯನ್ನು ಕಾಲಿನಿಂದ ಅಳಿಸಿ ಮನೆಗೆ ಹೋದ. ಮೂವತ್ತು ವರ್ಷದ ಚಾಕರಿಯಲ್ಲಿ ಅವನು ಕಂಡುಕೊಂಡ ಸತ್ಯ ಇದೊಂದೇ. ಶುರು ಮಾಡು ಎನ್ನುವ ಆರ್ಡರು ತಪ್ಪದೆ ಬರುತ್ತದೆ, ಸಾಕು ಮಾಡು ಎನ್ನುವುದು ಮಾತ್ರ ಯಾರಾದರೂ ಆ ದಾರಿಯಲ್ಲಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ತಳಾರಿಕೆ ಅವನ ಅರ್ಧ ಬಾಳು, ಉಳಿದರ್ಧ ಕುರಿ. ಅಪ್ಪನ ಕಾಲದಿಂದ ಬಂದ ಅರವತ್ತು ತಲೆಯ ಮಂದೆ, ಮನೆಯ ಹಿಂದೆ ಮುಳ್ಳಿನ ಬೇಲಿಯ ರೊಪ್ಪ. ಕುರಿಯ ವಿಷಯದಲ್ಲಿ ಅವನು ಸರ್ಕಾರಕ್ಕಿಂತ ಅಚ್ಚುಕಟ್ಟು. ತಂಗಡಿ ತೊಗಟೆ ಕುದಿಸಿ, ಅದಕ್ಕೆ ಹಳೆಯ ಲಾಳದ ತುಕ್ಕು ಕೆರೆದು ಹಾಕಿ, ಹರಳೆಣ್ಣೆ ಬೆರೆಸಿ, ಏಳು ದಿನ ಹುದುಗಿಟ್ಟು ಒಂದು ಕಪ್ಪು ಬಣ್ಣ ಮಾಡುತ್ತಾನೆ. ಇನ್ನೂ ಏನೋ ಒಂದು ಬೇರು ಹಾಕುತ್ತಾನೆ, ಯಾವುದೆಂದು ಹೆಂಡತಿಗೂ ಹೇಳಿಲ್ಲ. ಬಿದಿರಿನ ತುಂಡನ್ನು ಅದರಲ್ಲಿ ಅದ್ದಿ ಕುರಿಯ ಎಡತೊಡೆಗೆ ಒತ್ತಿದರೆ ದುಂಡನೆಯ ಉಂಗುರ ಮೂಡುತ್ತದೆ. ಉಂಗುರವಿದ್ದರೆ ದೊಡ್ಡರಂಗಪ್ಪನ ಕುರಿ ಎಂದು ಎರಡೂ ರಾಜ್ಯದ ಸಂತೆಗಳಿಗೆ ಗೊತ್ತು.

ಮಾರಿದರೆ ಉಂಗುರದ ಮೇಲೊಂದು ಅಡ್ಡಗೆರೆ ಎಳೆಯುತ್ತಾನೆ. ಆಮೇಲೆ ಆ ಕುರಿ ತಪ್ಪಿಸಿಕೊಂಡು ಓಡಿ ಬಂದು ರೊಪ್ಪದ ಬಾಗಿಲಲ್ಲಿ ಅರಚಿದರೂ ಒಳಗೆ ಬಿಟ್ಟುಕೊಳ್ಳುವ ಹಾಗಿಲ್ಲ. ಬೇಸಿಗೆಯಲ್ಲಿ ಬೇರೆಯವರ ಮಂದೆಯ ಜೊತೆ ದೂರದ ಮೇವಿಗೆ ಕಳಿಸುವ ಕುರಿಗಾದರೆ ಉಂಗುರದ ನಡುವೆ ಒಂದು ಚುಕ್ಕೆ. ಚುಕ್ಕೆಯ ಕುರಿ ಎಷ್ಟು ತಿಂಗಳು ಬಿಟ್ಟು ಬಂದರೂ ಅದರ ಜಾಗ ಅದಕ್ಕೇ. ಇಷ್ಟೇ ಅವನ ಕಾನೂನು. ಸೇರಿಸಿಕೊಳ್ಳುವುದಕ್ಕೆ ಒಂದು ಗುರುತು, ಬಿಟ್ಟುಕೊಡುವುದಕ್ಕೆ ಒಂದು, ಕಾಯುವುದಕ್ಕೆ ಒಂದು.

ಕೊರೋನಾ ಬಂದ ವರ್ಷ ಸರ್ಕಾರಕ್ಕೆ ಎಂದೂ ಬರದಂಥ ಕಷ್ಟ ಬಂತು, ಹಾಗಾಗಿ ದೊಡ್ಡರಂಗಪ್ಪನೂ ಎಂದಿಗಿಂತ ಹೆಚ್ಚಾಗಿ ನೆನಪಾದ. ಊರ ಪಡುವಲ ಹುಣಸೆಮರದ ಕೆಳಗೆ ದಾರಿಗೆ ಅಡ್ಡಲಾಗಿ ಒಂದು ಗಳ ಕಟ್ಟಿ ಅದಕ್ಕೆ ಚೆಕ್‌ಪೋಸ್ಟ್ ಎಂದರು. ನೂರು ಹೆಜ್ಜೆ ಆಚೆ, ಬೇವಿನಮರದ ಕೆಳಗೆ, ಕರ್ನಾಟಕದವರು ಇನ್ನೊಂದು ಗಳ ಕಟ್ಟಿದರು. ನಡುವಿನ ನೂರು ಹೆಜ್ಜೆ ಯಾವ ಸರ್ಕಾರದ್ದೆಂದು ಇಬ್ಬರೂ ಹೇಳಲಿಲ್ಲ, ಅಲ್ಲಿ ಊರಿನ ಕೋಳಿಗಳು ಆರಾಮವಾಗಿ ಓಡಾಡಿಕೊಂಡಿದ್ದವು. ಈಚೆ ಗಳಕ್ಕೆ ಮಡಕಶಿರಾದಿಂದ ಬಂದ ಕಾನ್‌ಸ್ಟೇಬಲ್ ಬಾಲರಾಜು ಒಬ್ಬ, ದೊಡ್ಡರಂಗಪ್ಪ ಒಬ್ಬ. ಆಚೆ ಗಳಕ್ಕೆ ಒಬ್ಬರು ವಯಸ್ಸಾದ ದಫೇದಾರರು. ಎರಡು ರಾಜ್ಯಗಳ ಬಂದೋಬಸ್ತು ಎದುರುಬದುರು ಕುರ್ಚಿ ಹಾಕಿಕೊಂಡು ದಿನವಿಡೀ ಒಂದನ್ನೊಂದು ನೋಡುತ್ತಾ ಕೂತಿತು.

ಬೆಂಗಳೂರಿನಿಂದ ಬರುವವರ ಹೆಸರು ಬರೆದುಕೊಂಡು, ಎಡಗೈ ಮೇಲೆ ನೀಲಿ ಮುದ್ರೆ ಒತ್ತಿ, ಹದಿನಾಲ್ಕು ದಿನ ಮನೆಬಿಟ್ಟು ಬರಬೇಡಿ ಎನ್ನುವುದು ಆರ್ಡರು. ಗಾರೆ ಕೆಲಸದವರು, ಹೋಟೆಲಿನವರು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಲಾರಿ ಸಿಕ್ಕಲ್ಲಿ ಲಾರಿ ಹತ್ತಿ, ಸಿಗದಲ್ಲಿ ನಡೆದು ಬಂದರು. ಎಲ್ಲರೂ ಗೊತ್ತಿದ್ದವರೇ. ದೊಡ್ಡರಂಗಪ್ಪ ಪ್ರತಿಯೊಬ್ಬರನ್ನೂ "ಚೆನ್ನಾಗಿದೀಯ?" ಎಂದು ಕೇಳಿ, ಆಮೇಲೆ ಗುರುತು ಪರಿಚಯವೇ ಇಲ್ಲದವನ ಮುಖ ಮಾಡಿ, "ಹೆಸರೇನು?" ಎನ್ನುತ್ತಿದ್ದ.

ಮೇ ತಿಂಗಳ ಒಂದು ಬೆಳಿಗ್ಗೆ ಮುದ್ರೆಯ ಇಂಕು ಮುಗಿಯಿತು. ಅವನು ವಿಆರ್‌ಓ, ಅಂದರೆ ಗ್ರಾಮ ರೆವಿನ್ಯೂ ಅಧಿಕಾರಿ ರಾಮಾಂಜಿನೇಯರಿಗೆ ಫೋನು ಮಾಡಿದ. ನಾಲ್ಕು ಊರಿಗೆ ಅವರೊಬ್ಬರೇ. ಒಂದು ಕಿವಿಗೆ ಮಂಡಲ ಕಚೇರಿಯ ಫೋನು, ಇನ್ನೊಂದಕ್ಕೆ ಊರಿನವರ ಫೋನು.

"ಇಂಕು ಮುಗಿದೋಗೈತೆ ಸಾ."

"ಬರಾದು ಇನ್ನೂ ತಡ ಆಗ್ತೈತೆ ಕಣಯ್ಯ. ಏನಾನ ಅಡ್ಜಸ್ಟ್ ಮಾಡ್ಕ."

"ಏನ್ ಅಡ್ಜಸ್ಟ್ ಮಾಡ್ಲಿ ಸಾ?"

"ಎಲ್ಲಾ ನಾನೇ ಹೇಳ್ಬೇಕ? ಸುಲಭಕ್ಕೆ ಅಳಿಸ್ದಂಗೆ ಇದ್ರೆ ಸಾಕು." ಫೋನು ಇಟ್ಟರು.

ಸುಲಭಕ್ಕೆ ಅಳಿಸದ ಬಣ್ಣ ಎಂದ ಕೂಡಲೇ ದೊಡ್ಡರಂಗಪ್ಪನ ಮುಖ ಅರಳಿತು. ಸರ್ಕಾರಕ್ಕೆ ಬೇಕಾದದ್ದು, ಇಡೀ ಜಿಲ್ಲೆಯಲ್ಲಿ ಸಿಗದದ್ದು, ಅವನ ರೊಪ್ಪದ ಮೂಲೆಯಲ್ಲಿ ಕುಡಿಕೆ ತುಂಬ ಇತ್ತು. ಓಡಿಹೋಗಿ ತಂದ. ರಬ್ಬರ್ ಮುದ್ರೆಯನ್ನು ಅದರಲ್ಲಿ ಅದ್ದಿದರೆ ಅಕ್ಷರಗಳ ಸಂದಿಯಲ್ಲೆಲ್ಲ ಅಂಟು ಕೂತು ಬರೀ ಮಸಿ ಬಂತು. ಹೇಗೂ ಕುಡಿಕೆಯ ಜೊತೆ ಬಿದಿರಿನ ತುಂಡೂ ಇತ್ತು. ತನ್ನ ಕೈ ಮೇಲೇ ಒತ್ತಿ ನೋಡಿಕೊಳ್ಳಬೇಕೆಂದಿದ್ದ. ಅಷ್ಟರಲ್ಲಿ ಆಚೆ ಗಳದ ಕಡೆಯಿಂದ ಏಳು ಹೆಣ್ಣುಮಕ್ಕಳು ಬರುವುದು ಕಾಣಿಸಿತು. ತಲೆಯ ಮೇಲೆ ಬ್ಯಾಗು, ಕಾಲಲ್ಲಿ ಧೂಳು. ಎಲ್ಲರಿಗಿಂತ ಮುಂದೆ ಶ್ರಾವಣಿ, ಅವನ ಒಬ್ಬಳೇ ಮಗಳು.

ಶ್ರಾವಣಿ ಬೆಂಗಳೂರಿನ ಒಂದು ಗಾರ್ಮೆಂಟ್ಸಿಗೆ ದಾರ ಕತ್ತರಿಸುವ ಹೆಲ್ಪರಾಗಿ ಸೇರಿದ್ದವಳು. ಮೂರು ವರ್ಷದಲ್ಲಿ ಕಾಲರ್ ಕೂರಿಸುವ ಮಿಷನ್ನಿಗೆ ಬಂದಿದ್ದಳು. ಅಂಗಿಯಲ್ಲಿ ಕಷ್ಟದ್ದು ಕಾಲರೇ, ಅದು ಎಲ್ಲರ ಕೈಗೆ ಬರುವುದಿಲ್ಲ ಎಂದು ಅವಳು ಹೇಳಿದ್ದನ್ನು ದೊಡ್ಡರಂಗಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಹಬ್ಬಕ್ಕೆ ಎರಡು ದಿನ ಬಂದರೆ ಹೆಚ್ಚು. ಈಗ ಸಿರಾದವರೆಗೆ ತರಕಾರಿ ಲಾರಿಯಲ್ಲಿ, ಅಲ್ಲಿಂದ ನಡೆದು ಬಂದಿದ್ದಾಳೆ. ಮಗಳ ಮುಖ ಕಂಡು ಅವನಿಗೆ ಅಳು ಬಂತು. ಆದರೆ ಡ್ಯೂಟಿಯ ಮೇಲಿದ್ದ.

"ಅಪ್ಪಯ್ಯ, ಮೊದ್ಲು ನೀರು ಕೊಡು" ಎಂದಳು.

ನೀರು ಕೊಟ್ಟ. ಆಮೇಲೆ, "ಹೆಸರೇನು?" ಎಂದ.

ಬಾಲರಾಜು ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ. ತನ್ನ ಮಗಳನ್ನು ಬಿಟ್ಟ ಎಂದು ನಾಳೆ ಯಾರೂ ಅನ್ನಬಾರದಲ್ಲ, ಹಾಗಾಗಿ ದೊಡ್ಡರಂಗಪ್ಪ ಹೊಸ ಬಣ್ಣದ ಮೊದಲ ಉಂಗುರವನ್ನು ಅವಳ ಎಡಗೈ ಮೇಲೇ ಒತ್ತಿದ. ಮೊದಲ ಅದ್ದು, ಬಣ್ಣ ಗಟ್ಟಿಯಾಗಿತ್ತು. ಒಣಗಲೆಂದು ಉಫ್ ಉಫ್ ಎಂದು ಊದಿದ. ಶ್ರಾವಣಿ ಕೈಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಇದು ರೊಪ್ಪದ ಕುಡಿಕೇದಲ್ವ?"

"ಮೇಲಿಂದ ಆರ್ಡರ್ ಆಗೈತೆ."

ಹೊಸ ಇಂಕು ಬರುವ ಹೊತ್ತಿಗೆ ನಲವತ್ತೊಂದು ಕೈಗಳ ಮೇಲೆ ಅವನ ಉಂಗುರ ಬಿದ್ದಿತ್ತು. ಹದಿನಾಲ್ಕು ದಿನ ಕಳೆಯಿತು. ನೀಲಿ ಮುದ್ರೆಯವರದ್ದು ಅಷ್ಟರಲ್ಲಿ ತೊಳೆದುಹೋಗಿತ್ತು. ಕಪ್ಪು ಉಂಗುರದವರದ್ದು ಇನ್ನಷ್ಟು ಕಪ್ಪಾಗಿತ್ತು. ಇಪ್ಪತ್ತೆಂಟು ದಿನ ಕಳೆಯಿತು, ಉಂಗುರ ಹಾಗೇ ಇತ್ತು. ಹುಣಸೆಹಣ್ಣು ಉಜ್ಜಿದರು, ಬೂದಿ ಉಜ್ಜಿದರು, ಸೀಮೆಎಣ್ಣೆ ಉಜ್ಜಿದರು. ಚರ್ಮ ಕೆಂಪಾಯಿತು, ಬಣ್ಣ ಜಗ್ಗಲಿಲ್ಲ. ಊರಿನಲ್ಲಿ ಒಬ್ಬರಿಗೊಬ್ಬರು ಎದುರಾದರೆ "ಮ್ಯಾ" ಎಂದು ಮಾತಾಡಿಸುವ ಹೊಸ ಪದ್ಧತಿ ಶುರುವಾಯಿತು.

ತಮಾಷೆ ಎಲ್ಲಿಯವರೆಗೆಂದರೆ, ಕೆಲಸ ತೆರೆಯುವವರೆಗೆ. ಜೂನಿನಲ್ಲಿ ಬೆಂಗಳೂರು ಮತ್ತೆ ಬಾಗಿಲು ತೆರೆಯಿತು. ಮುದ್ದಪ್ಪ ಎಂಬ ಗಾರೆ ಮೇಸ್ತ್ರಿ ಗಂಟು ಕಟ್ಟಿಕೊಂಡು ಹೊರಟ. ಆಚೆ ಗಳದ ದಫೇದಾರರು ಕೈ ನೋಡಿ, "ಮುದ್ರೆ ಇದೆಯಲ್ಲಪ್ಪ, ಹೋಗಿ ಹದಿನಾಲ್ಕು ದಿನ ಕೂತು ಬಾ" ಎಂದರು. ಮುದ್ದಪ್ಪ ಅದಾಗಲೇ ಎರಡು ಸಲ ಹದಿನಾಲ್ಕು ದಿನ ಕೂತಿದ್ದ. ಅವನು ಹಾಗೆಂದ. ಎಲ್ಲರೂ ಹೀಗೇ ಹೇಳುತ್ತಾರೆ ಎಂದರು ಅವರು. ಅವರದ್ದೂ ತಪ್ಪಲ್ಲ. ಕೈ ಮೇಲೆ ಗುರುತು ಇದ್ದವರನ್ನು ಬಿಡಬೇಡಿ ಎಂದು ಅವರಿಗೂ ಒಂದು ಕಾಗದ ಬಂದಿತ್ತು, ಯಾವಾಗ ಬಿಡಬೇಕೆಂದು ಬರೆಯುವುದು ಬರೆದವರಿಗೆ ಮರೆತಿತ್ತು. ಮುದ್ದಪ್ಪ ವಾಪಸ್ ಬಂದು ಮೂರನೆಯ ಹದಿನಾಲ್ಕಕ್ಕೆ ಕೂತ.

ಶ್ರಾವಣಿಗೆ ಗಾರ್ಮೆಂಟ್ಸಿನ ಸೂಪರ್‌ವೈಸರ್ ಫೋನು ಮಾಡಿದರು. ಮಡಕಶಿರಾದ ಕಡೆಯಿಂದ ಬರುವವರಿಗೆ ಸೋಮವಾರ ಬಸ್ಸು ಕಳಿಸುತ್ತೇವೆ, ಅಂದು ಬರದಿದ್ದರೆ ನಿನ್ನ ಕಾಲರ್ ಮಿಷನ್ನಿಗೆ ಬೇರೆಯವರನ್ನು ಕೂರಿಸುತ್ತೇವೆ, ಮತ್ತೆ ಬಂದರೆ ದಾರ ಕತ್ತರಿಸುವುದರಿಂದ ಶುರು, ಅದೂ ಜಾಗ ಇದ್ದರೆ. ಫೋನು ಬಂದದ್ದು ಬುಧವಾರ. ಶ್ರಾವಣಿ ಅಳಲಿಲ್ಲ, ಬೈಯಲಿಲ್ಲ. ಬಚ್ಚಲಿಗೆ ಹೋಗಿ ತೆಂಗಿನ ನಾರು ಹಿಡಿದು ಕೈ ಉಜ್ಜತೊಡಗಿದಳು. ಸದ್ದು ನಡುಮನೆಯವರೆಗೆ ಕೇಳುತ್ತಿತ್ತು.

ಬೈಯುವ ಕೆಲಸ ಅವಳಮ್ಮ ನರಸಕ್ಕ ವಹಿಸಿಕೊಂಡಳು.

"ಊರೋರಿಗೆಲ್ಲ ಇಕ್ಕಿದ್ದು ಸಾಲ್ದು ಅಂತ ಮನೆ ಮಗೀಗೂ ಇಕ್ಕಿದ್ಯ? ನೀರಾನ ಬೆರಸ್ಬಾರ್ದಾಗಿತ್ತ?"

"ನೀರು ಬೆರೆಸಿದ್ರೆ ಬಣ್ಣ ನಿಲ್ಲಾಕಿಲ್ಲ ಕಣೆ" ಎಂದ ದೊಡ್ಡರಂಗಪ್ಪ. ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೇ ತಿಳಿದು ಎದ್ದು ರೊಪ್ಪಕ್ಕೆ ಹೋದ.

ಇಲ್ಲಿ ಅವನ ಬಗ್ಗೆ ಒಂದು ನಿಜ ಹೇಳಿಬಿಡಬೇಕು. ಉಂಗುರ ಅಳಿಯದಿದ್ದುದಕ್ಕೆ ಊರೆಲ್ಲ ಸಂಕಟಪಡುತ್ತಿದ್ದಾಗ ಒಳಗೊಳಗೇ ಖುಷಿಯಾಗಿದ್ದವನು ಅವನೊಬ್ಬನೇ. ಮೂರು ವರ್ಷದ ಮೇಲೆ ಮಗಳು ಮನೆಯಲ್ಲಿದ್ದಳು. ಬೆಳಿಗ್ಗೆ ಹುಣಸೆಮರದ ಕೆಳಗೆ ಬುತ್ತಿ ತಂದುಕೊಡುತ್ತಿದ್ದಳು. ನೆರೆಮನೆಯ ಮಿಷನ್ನಿನಲ್ಲಿ ಅವನ ಖಾಕಿ ಅಂಗಿಯ ಸವೆದ ಕಾಲರನ್ನು ಬಿಚ್ಚಿ, ಒಳಗು ಹೊರಗು ತಿರುಗಿಸಿ, ಹೊಸದರಂತೆ ಕೂರಿಸಿಕೊಟ್ಟಿದ್ದಳು. ಆ ಅಂಗಿ ತೊಟ್ಟು ಅವನು ಕತ್ತು ನೆಟ್ಟಗೆ ಇಟ್ಟುಕೊಂಡು ಓಡಾಡುವುದನ್ನು ನೋಡಿ ಬಾಲರಾಜು, "ಏಮಿ ದೊಡ್ಡರಂಗಪ್ಪ, ಪ್ರಮೋಷನ್ ಆಯ್ತ?" ಎಂದಿದ್ದ. ಇಷ್ಟು ಸುಖವನ್ನು ಅವನು ಬೇಕೆಂದು ತಂದುಕೊಂಡಿರಲಿಲ್ಲ, ಸರ್ಕಾರದ ಆರ್ಡರಿನಿಂದ ತಾನಾಗಿ ಬಂದಿತ್ತು. ಈಗ ಬಚ್ಚಲಿನಿಂದ ನಾರಿನ ಸದ್ದು ಕೇಳಿದಾಗ ಅವನಿಗೆ ತನ್ನ ಖುಷಿಯ ಬಗ್ಗೆ ನಾಚಿಕೆಯಾಯಿತು. ಅವಳು ಉಜ್ಜುತ್ತಿದ್ದುದು ಅವನ ಗುರುತನ್ನೇ.

ಗುರುವಾರ ಅವನು ಮಂಡಲ ಕಚೇರಿಗೆ ಹೋದ. ಮೂವತ್ತು ವರ್ಷದಲ್ಲಿ ಕರೆಯದೆ ಹೋದದ್ದು ಅದೇ ಮೊದಲು. ವಿಆರ್‌ಓ ರಾಮಾಂಜಿನೇಯರು ವರಾಂಡದಲ್ಲೇ ಸಿಕ್ಕರು. ವಿಷಯ ಕೇಳಿ ತಲೆ ಹಿಡಿದುಕೊಂಡರು.

"ಅಡ್ಜಸ್ಟ್ ಮಾಡ್ಕ ಅಂದ್ರೆ ಕುರಿ ಬಣ್ಣ ಬಳ್ಯಾದೇನಯ್ಯ?"

"ಸುಲಭಕ್ಕೆ ಅಳಿಸ್ದಂಗೆ ಇರ್ಲಿ ಅಂದ್ರಿ ಸಾ."

ರಾಮಾಂಜಿನೇಯರು ಸುತ್ತ ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿ, ಅವನನ್ನು ಎಮ್ಮಾರೋ ಮೇಡಂ ಹತ್ತಿರ ಕರೆದುಕೊಂಡು ಹೋದರು. ಹೊರಗಿನವರಿಗೆ ತಹಶೀಲ್ದಾರ್, ಇಲ್ಲಿಯವರಿಗೆ ಎಮ್ಮಾರೋ. ಮೇಡಂ ಮೂರು ತಿಂಗಳಿಂದ ರಜೆ ಕಂಡಿರಲಿಲ್ಲ. ಮೇಜಿನ ಮೇಲೆ ಸ್ಯಾನಿಟೈಸರ್ ಬಾಟಲಿ, ತಣ್ಣಗಾದ ಟೀ, ಅನಂತಪುರದಿಂದ ಬಂದ ಆರ್ಡರುಗಳ ರಾಶಿ. ಅವರು ಎಲ್ಲ ಕೇಳಿ ರಾಶಿಯನ್ನು ತಿರುವಿಹಾಕಿದರು. ಮುದ್ರೆ ಎಲ್ಲಿ ಒತ್ತಬೇಕು ಎನ್ನುವುದಕ್ಕೆ ಇತ್ತು, ಯಾವ ಕೈ ಎನ್ನುವುದಕ್ಕೆ ಇತ್ತು, ಎಷ್ಟು ಅಗಲ ಎನ್ನುವುದಕ್ಕೂ ಇತ್ತು.

"ತೆಗೆಯೋದಕ್ಕೆ ಇಲ್ಲ" ಎಂದರು ಕೊನೆಗೆ. ಅವರ ತಾಯಿಯ ಕಡೆ ಪಾವಗಡ, ಕನ್ನಡ ಚೆನ್ನಾಗಿತ್ತು. ಕೋಪ ಮಾಡಿಕೊಳ್ಳಬೇಕೆಂದು ಬಾಯಿ ತೆರೆದವರು ಆಯಾಸಕ್ಕೋ ಏನೋ ನಕ್ಕುಬಿಟ್ಟರು. "ಕುರಿಗೆ ಹಾಕಿದ್ದನ್ನ ಹೇಗೆ ತೆಗೀತೀಯಪ್ಪ?"

"ತೆಗಿಯಾಕಿಲ್ಲ ಮೇಡಂ. ಅದ್ರ ಮ್ಯಾಲೆ ಅಡ್ಡಗೆರೆ ಎಳಿತೀವಿ. ಗೆರೆ ಬಿತ್ತು ಅಂದ್ರೆ ಬಿಡುಗಡೆ ಅಂತ."

ಮೇಡಂ ಆರ್ಡರುಗಳ ರಾಶಿಯನ್ನು ಪಕ್ಕಕ್ಕೆ ಸರಿಸಿದರು. "ರಾಮಾಂಜಿನೇಯ, ಬರ್ಕೊಳ್ಳಿ" ಎಂದರು. ಒಂದು ಗಂಟೆಯಲ್ಲಿ ಕಾಗದ ತಯಾರಾಯಿತು. ಅವಧಿ ಮುಗಿದು, ನರ್ಸಮ್ಮ ಪರೀಕ್ಷಿಸಿ ಸರಿ ಎಂದವರ ಕೈ ಮೇಲಿನ ಕಪ್ಪು ವೃತ್ತಕ್ಕೆ ಅದೇ ಬಣ್ಣದಿಂದ ಒಂದು ಅಡ್ಡಗೆರೆ ಹಾಕತಕ್ಕದ್ದು, ಅಂಥವರನ್ನು ಎರಡೂ ಕಡೆ ತಡೆಯತಕ್ಕದ್ದಲ್ಲ. ಒಂದು ಪ್ರತಿ ಆಚೆ ಗಳದ ದಫೇದಾರರಿಗೆ. ದೊಡ್ಡರಂಗಪ್ಪನ ಅಪ್ಪ ರೊಪ್ಪದಲ್ಲಿ ಮಾಡಿದ್ದ ಕಾನೂನಿಗೆ ಗುಂಡನೆಯ ಸೀಲು ಬಿತ್ತು. ಅವನಿಗೆ ಹೆಮ್ಮೆಯಾಗಬೇಕಿತ್ತು. ಆದರೆ ಅಡ್ಡಗೆರೆಯ ಅರ್ಥವನ್ನು ಅವನು ಮೇಡಂಗೆ ಅರ್ಧವೇ ಹೇಳಿದ್ದ.

ಭಾನುವಾರ ಬೆಳಿಗ್ಗೆ ಹುಣಸೆಮರದ ಕೆಳಗೆ ನರ್ಸಮ್ಮ ಒಂದು ಕಡೆ ಕುರ್ಚಿ ಹಾಕಿಕೊಂಡಳು, ದೊಡ್ಡರಂಗಪ್ಪ ಇನ್ನೊಂದು ಕಡೆ ಕುಡಿಕೆ ಇಟ್ಟುಕೊಂಡು ಕೂತ. ನಲವತ್ತೊಂದು ಜನ ಸಾಲಿನಲ್ಲಿ ನಿಂತರು. ಮುದ್ದಪ್ಪ ಮೊದಲಿಗ. ಗೆರೆ ಬಿದ್ದ ಕೂಡಲೇ ಅವನು ಕೈಯನ್ನು ಬಾಲರಾಜುವಿನ ಮುಖಕ್ಕೆ ಹಿಡಿದು ತೋರಿಸಿ, ಅಲ್ಲಿಂದಲೇ ಬೆಂಗಳೂರಿನ ದಾರಿ ಹಿಡಿದ. ಬಿದಿರು ಸೀಳಿನಿಂದ ಒಬ್ಬೊಬ್ಬರಿಗೇ ಗೆರೆ ಎಳೆಯುತ್ತಾ ಹೋದ ಹಾಗೆ ಕುಡಿಕೆ ಬರಿದಾಗುತ್ತಾ ಬಂತು. ಶ್ರಾವಣಿ ಸಾಲಿನ ಕೊನೆಯಲ್ಲಿ ನಿಂತಿದ್ದಳು, ಅವನೇ ನಿಲ್ಲಿಸಿದ್ದ.

ನಲವತ್ತು ಮುಗಿದು ಅವಳು ಬಂದು ಎದುರಿಗೆ ಕೂತು ಕೈ ಚಾಚಿದಳು. ಉಜ್ಜಿ ಉಜ್ಜಿ ಉಂಗುರದ ಸುತ್ತ ಚರ್ಮ ಸುಲಿದಿತ್ತು. ದೊಡ್ಡರಂಗಪ್ಪ ಕುಡಿಕೆಯೊಳಗೆ ಇಣುಕಿದ.

"ಬಣ್ಣ ಮುಗಿದಂಗೈತೆ" ಎಂದ.

"ತಳದಾಗೆ ಐತೆ, ಕೆರಿ."

ಕೆರೆದ. ಸೀಳನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತ. ನರ್ಸಮ್ಮ ತನ್ನ ಕುರ್ಚಿ ಮಡಚಿಕೊಂಡಳು.

"ಅಪ್ಪಯ್ಯ, ನಾಳೆ ಬಸ್ಸು ಬತ್ತದೆ."

"ನಂಗೊತ್ತು."

"ಮತ್ತೆ ಯಾಕೆ ಕೂತಿದೀಯ?"

"ಗೆರೆ ಎಳೆದ್ಮೇಲೆ ರೊಪ್ಪಕ್ಕೆ ಬಿಟ್ಕಳಾಂಗಿಲ್ಲ ಕಣಮ್ಮಿ" ಎಂದ ಅವನು, ನೆಲ ನೋಡಿಕೊಂಡು. "ನಮ್ಮಪ್ಪ ಯಾವತ್ತೂ ಬಿಟ್ಕಂಡಿಲ್ಲ, ನಾನೂ ಬಿಟ್ಕಂಡಿಲ್ಲ. ಮಂದಿ ಮಕ್ಕಳಿಗೆ ಎಳೆದೆ. ನಿಂಗೆ ಕೈ ಬರ್ತಿಲ್ಲ."

ಶ್ರಾವಣಿ ಕುರಿಗಾಹಿಯ ಮಗಳು. ಉಂಗುರ, ಗೆರೆ, ಚುಕ್ಕೆ ಅವಳಿಗೆ ಅಕ್ಷರಕ್ಕಿಂತ ಮೊದಲು ಬಂದದ್ದು. ಅಪ್ಪನ ಹೊಸ ಕಾಲರಿಗೆ ಅಂಟಿದ್ದ ಹುಣಸೆ ಎಲೆಯೊಂದನ್ನು ತೆಗೆದಳು.

"ಆ ಮಿಷನ್ ಬಿಟ್ಟು ಇಲ್ಲೇ ಇದ್ರೆ ನಾನು ಬದುಕ್ತೀನಿ" ಎಂದಳು. "ಆದ್ರೆ ದಿನಾ ನಿನ್ ಮುಖ ನೋಡಿ ಸಿಟ್ಟು ಬತ್ತದೆ. ಅದು ನಂಗೆ ಬ್ಯಾಡ. ಎಳಿ ಅಪ್ಪಯ್ಯ."

ಅವನು ಎಳೆದ. ನಲವತ್ತು ಕೈಗಳ ಮೇಲೆ ನೆಟ್ಟಗೆ ಬಂದಿದ್ದ ಗೆರೆ ಈ ಕೈ ಮೇಲೆ ಸೊಟ್ಟಗೆ ಬಂತು. ಎಳೆದು ಸೀಳನ್ನು ಕೆಳಗಿಡುವಷ್ಟರಲ್ಲಿ ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಕುಡಿಕೆಯ ತಳಕ್ಕೆ ಒತ್ತಿ, ಉಂಗುರದೊಳಗೆ, ಗೆರೆಯ ಕೆಳಗೆ, ತಾನೇ ಒಂದು ಚುಕ್ಕೆ ಇಟ್ಟುಕೊಂಡಳು.

"ಗೆರೆ ಸರ್ಕಾರದ್ದು. ಇದು ನಮ್ದು" ಎಂದಳು. ದೊಡ್ಡರಂಗಪ್ಪ ಎದ್ದ. ಖಾಲಿ ಕುಡಿಕೆಯನ್ನು ತೊಳೆಯುವ ನೆವದಲ್ಲಿ ಕೊಳಾಯಿಯ ಹತ್ತಿರ ಹೋಗಿ ತುಂಬ ಹೊತ್ತು ಮುಖ ತೊಳೆದುಕೊಂಡ.

ಸೋಮವಾರ ಬಸ್ಸು ಬಂತು. ಏಳೂ ಹೆಣ್ಣುಮಕ್ಕಳು ಹತ್ತಿದರು. ನರಸಕ್ಕ ಹುರಿಹಿಟ್ಟಿನ ಡಬ್ಬ ಕೊಟ್ಟಳು. ಬಾಲರಾಜು ಈಚೆ ಗಳ ಎತ್ತಿದ. ಬಸ್ಸು ನೂರು ಹೆಜ್ಜೆ ಹೋಗಿ ಆಚೆ ಗಳದ ಮುಂದೆ ನಿಂತಿತು. ದೊಡ್ಡರಂಗಪ್ಪ ನೋಡುತ್ತಾ ನಿಂತ. ಎರಡು ನಿಮಿಷವಾಯಿತು, ಐದಾಯಿತು, ಗಳ ಏಳಲಿಲ್ಲ. ದಫೇದಾರರು ಒಂದು ಕೈಯಲ್ಲಿ ಕಾಗದ ಹಿಡಿದು ಬಸ್ಸಿನ ಕಿಟಕಿಗೂ ಕಾಗದಕ್ಕೂ ಕಣ್ಣಾಡಿಸುತ್ತಿದ್ದರು. ಆಮೇಲೆ ಇವನ ಕಡೆ ತಿರುಗಿ ಕೈ ಬೀಸಿ ಕರೆದರು.

ಚೆಕ್‌ಪೋಸ್ಟ್ ಬಿಟ್ಟು ಹೋಗಬಾರದೆಂದು ಅವನಿಗೆ ಆರ್ಡರಿತ್ತು. ಅವನು ಬಾಲರಾಜುವಿನ ಮುಖ ನೋಡಿದ. ಬಾಲರಾಜು ಆಕಾಶ ನೋಡಿದ. ದೊಡ್ಡರಂಗಪ್ಪ ಗಳದ ಕೆಳಗೆ ಬಗ್ಗಿ, ಕೋಳಿಗಳ ನಡುವೆ, ಯಾರದ್ದೂ ಅಲ್ಲದ ನೂರು ಹೆಜ್ಜೆ ನಡೆದ.

"ಆರು ಜನದ್ದು ಸರಿ ಇದೆ" ಎಂದರು ದಫೇದಾರರು. "ಈ ಹುಡುಗಿದು ಗೆರೆ ಇದೆ, ಒಳಗೊಂದು ಚುಕ್ಕೆನೂ ಇದೆ. ಕಾಗದದಲ್ಲಿ ಗೆರೆ ಅಂತ ಬರೆದವ್ರೆ, ಚುಕ್ಕೆ ಅಂತ ಬರೆದಿಲ್ಲ. ಚುಕ್ಕೆ ಅಂದ್ರೆ ಏನು?"

ಕಿಟಕಿಯಲ್ಲಿ ಶ್ರಾವಣಿಯ ಮುಖ ಇತ್ತು. ಅವಳಿಗೆ ಈಗ ನಿಜವಾಗಿ ಹೆದರಿಕೆಯಾಗಿತ್ತು. ತಾನು ಇಟ್ಟುಕೊಂಡ ಚುಕ್ಕೆಯೇ ತನ್ನ ಮಿಷನ್ನು ಕಳೆಯುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

"ವಾಪಸ್ ಬತ್ತದೆ ಅಂತ ಸಾ" ಎಂದ ದೊಡ್ಡರಂಗಪ್ಪ. "ಮೇವಿಗೆ ಹೋಗಿ ಬರೋವಕ್ಕೆ ಇಕ್ಕಾದು. ಎಷ್ಟು ದಿನಕ್ಕೆ ಬಂದ್ರೂ ಒಳಕ್ಕೆ ಬಿಟ್ಕಬೇಕು ಅಂತ."

ದಫೇದಾರರು ಕಾಗದವನ್ನು ಮತ್ತೊಮ್ಮೆ ತಿರುಗಿಸಿ ಹಿಂಬದಿ ನೋಡಿದರು. "ಇದಕ್ಕೆ ಆರ್ಡರ್ ಯಾರದ್ದು?"

ಮೂವತ್ತು ವರ್ಷ ಆರ್ಡರಿಲ್ಲದೆ ಕೋಲು ಎತ್ತದವನು, ಆರ್ಡರಿಲ್ಲದೆ ಕೋಲು ಇಳಿಸದವನು, ಹೆಗಲ ಮೇಲಿನ ಟವಲನ್ನು ಸರಿಮಾಡಿಕೊಂಡ.

"ನಂದೇ ಸಾ" ಎಂದ.

ದಫೇದಾರರು ಅವನ ಕಾಳಿಲ್ಲದ ಸೀಟಿಯಿಂದ ಹಿಡಿದು ಹೊಸ ಕಾಲರಿನವರೆಗೆ ನೋಡಿದರು. ಅವರಿಗೂ ಯಾವುದೋ ಊರಿನಲ್ಲಿ ಯಾರೋ ಇದ್ದಿರಬೇಕು. ಹೆಚ್ಚಿಗೆ ಕೇಳಲಿಲ್ಲ. ಕಾಗದದ ಅಂಚಿನಲ್ಲಿ, ಚುಕ್ಕೆಯೂ ಸರಿ ಎಂದು ತಾವೇ ಬರೆದುಕೊಂಡು ಗಳ ಎತ್ತಿದರು.

ಬಸ್ಸು ಕದಲುತ್ತಿದ್ದಂತೆ ಉಳಿದ ಆರೂ ಹುಡುಗಿಯರು ಕಿಟಕಿಗಳಿಂದ ಎಡಗೈ ಹೊರಗೆ ಚಾಚಿದರು. "ನಮಗೂ ಒಂದೊಂದು ಚುಕ್ಕೆ ಇಡು ಮಾವ" ಎಂದು ಒಬ್ಬಳು ಕೂಗಿದಳು. ದೊಡ್ಡರಂಗಪ್ಪ ಬಸ್ಸಿನ ಪಕ್ಕಕ್ಕೆ ನಾಲ್ಕು ಹೆಜ್ಜೆ ಓಡಿದ.

"ಬಣ್ಣ ಮುಗಿದೈತೆ ಕಣ್ರಮ್ಮ" ಎಂದ. "ಬಾಯಾಗೇ ಹೇಳ್ತಿದೀನಿ. ಎಲ್ಲಾರೂ ವಾಪಸ್ ಬರ್ರಿ."

ಬಸ್ಸು ತಿರುವಿನಲ್ಲಿ ಮರೆಯಾಯಿತು. ದೊಡ್ಡರಂಗಪ್ಪ ನೂರು ಹೆಜ್ಜೆ ವಾಪಸ್ ನಡೆದು ಬಂದ. ಬಾಲರಾಜು ತನ್ನ ಕುರ್ಚಿಯನ್ನು ಅವನ ಕಡೆ ಸರಿಸಿ, ಸ್ವಲ್ಪ ಹೊತ್ತು ಕೂತುಕೋ ಎಂದ. ಅವನು ಕೂರಲಿಲ್ಲ. ಆಚೆಯಿಂದ ಬರುವ ದಾರಿ ಕಾಣುವ ಹಾಗೆ ಗಳದ ಪಕ್ಕಕ್ಕೆ ಹೋಗಿ ಕೋಲು ಊರಿಕೊಂಡು ನಿಂತ. ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.